ಉಪ್ಸಾಲದ ಪುಸ್ತಕದಲ್ಲಿ ಅಡಿಕೆ ಮರ

ಸ್ವೀಡನ್ನಿನಲ್ಲಿ 1753ರ ಫೆಬ್ರವರಿ 17ರ ಮರುದಿನವೇ ಮಾರ್ಚ್ 1 ಬಂದಿತು. ಹಳೆಯ ಜೂಲಿಯನ್ ಪಂಚಾಂಗವನ್ನು ಕೈಬಿಟ್ಟು, ಸೂರ್ಯನ ಗತಿಗೆ ಹೆಚ್ಚು ಹೊಂದುವ ಗ್ರೆಗೋರಿಯನ್ ಪಂಚಾಂಗವನ್ನು ಅನುಸರಿಸಲು ಹನ್ನೊಂದು ದಿನಗಳನ್ನು ಬಿಡಲಾಯಿತು. ಅದಕ್ಕೂ ಹಿಂದೆ, 1712ರಲ್ಲಿ, ಅರ್ಧಕ್ಕೆ ನಿಂತ ಇಂಥದೇ ಒಂದು ಸುಧಾರಣೆಯ ಗೊಂದಲವನ್ನು ಸರಿಪಡಿಸಲು ಇದೇ ದೇಶದಲ್ಲಿ ಫೆಬ್ರವರಿ 30 ಎಂಬ ದಿನವೂ ಇತ್ತೆಂದು ತಿಳಿದರೆ ಮಕ್ಕಳು ಕಣ್ಣರಳಿಸಿಯಾರು.

1753ರಲ್ಲಿಯೇ ರಾಣಿ ಲೊವಿಸಾ ಉಲ್ರಿಕಾ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿದಳು. ಆಕೆಯ ಹುಟ್ಟುಹಬ್ಬಕ್ಕೆಂದು ದೊರೆ ಅಡಾಲ್ಫ್ ಫ್ರೆಡ್ರಿಕ್ ಡ್ರಾಟ್ನಿಂಗ್‌ಹೋಮ್ ಅರಮನೆಯ ತೋಟದಲ್ಲಿ ಚೀನೀ ಶೈಲಿಯ ಮಂಟಪವನ್ನು ಗುಟ್ಟಾಗಿ ಸಿದ್ಧಪಡಿಸಿದಾಗ, ಅದರ ಬೀಗದ ಕೈಯನ್ನು ತಾಯಿಗೆ ಒಪ್ಪಿಸಿದವನು ಏಳು ವರ್ಷದ ರಾಜಕುಮಾರ ಗುಸ್ತಾವ್.

ಆದರೆ ಕನ್ನಡದ ಮನೆಗಳಿಗೆ ಆ ವರ್ಷ ಆಪ್ತವಾಗಬೇಕಾದುದು ಉಪ್ಸಾಲದ ಪ್ರಾಧ್ಯಾಪಕ ಕಾರ್ಲ್ ಲಿನೇಯಸ್ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಮ್’ ಎಂಬ ಎರಡು ಸಂಪುಟಗಳ ಗ್ರಂಥದಿಂದ. ಅದುವರೆಗೆ ಒಂದು ಗಿಡವನ್ನು ಗುರುತಿಸಲು ವಿದ್ವಾಂಸರು ಉದ್ದುದ್ದ ಲ್ಯಾಟಿನ್ ವಾಕ್ಯಗಳನ್ನೇ ಬರೆಯುತ್ತಿದ್ದರು. ಲಿನೇಯಸ್ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರು ಕೊಟ್ಟನು, ಅವುಗಳಲ್ಲಿ ಮೊದಲನೆಯದು ಕುಲವನ್ನೂ ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನೂ ಸೂಚಿಸುತ್ತದೆ. ಭಾರತಕ್ಕೆ ಎಂದೂ ಬಾರದಿದ್ದ ಆತನು ನಮ್ಮ ಕರಾವಳಿಯ ಸಸ್ಯಗಳನ್ನು ಬಹುಮಟ್ಟಿಗೆ ಡಚ್ಚರ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದ ಚಿತ್ರಗಳಲ್ಲಿ ಕಂಡನು. ಹೀಗೆ ಅಜ್ಜಿಮನೆಯ ಹಿತ್ತಲೇ ಆ ಪುಟಗಳಿಗೆ ಬಂದಿತು: ಮಾವು ‘ಮ್ಯಾಂಜಿಫೆರಾ ಇಂಡಿಕಾ’ ಆಯಿತು, ಅರಳಿ ‘ಫೈಕಸ್ ರಿಲಿಜಿಯೋಸಾ’ ಆಯಿತು, ಶ್ರೀಗಂಧ ‘ಸಾಂಟಾಲಮ್ ಆಲ್ಬಮ್’ ಆಯಿತು.

ಇವೆಲ್ಲಕ್ಕಿಂತ ಸೊಗಸಾದುದು ಅಡಿಕೆಯ ಹೆಸರು. ಅಡಕತ್ತರಿಯಲ್ಲಿ ಸೀಳಿದೊಡನೆ ಬಿಳಿಯ ನಡುವೆ ಕಂದು ಗೆರೆಗಳು ಬಳುಕುವ ಆ ಹೋಳನ್ನು ಬಲ್ಲ ತಂದೆತಾಯಂದಿರು ‘ಅರೆಕಾ ಕಟೆಚು’ ಎಂಬುದನ್ನು ಮಕ್ಕಳೊಡನೆ ಒಮ್ಮೆ ಗಟ್ಟಿಯಾಗಿ ಓದಬೇಕು. ಕನ್ನಡದ ಅಡಿಕೆ, ಮಲಯಾಳದ ಅಡಕ್ಕ ಒಂದೇ ಬೇರಿನ ಮಾತುಗಳು. ಪಶ್ಚಿಮ ಕರಾವಳಿಯ ಆ ಮಾತೇ ಪೋರ್ಚುಗೀಸರ ಬಾಯಲ್ಲಿ ‘ಅರೆಕ’ ಎಂದಾಗಿ ಉಪ್ಸಾಲ ತಲುಪಿತು. ‘ಕಟೆಚು’ ಎಂಬುದರಲ್ಲಿ ಎಲೆಯಡಿಕೆಯ ಜೊತೆ ಮೆಲ್ಲುವ ಕಾಚು ಅಡಗಿದೆ. ಕಾಚನ್ನು ತೆಗೆಯುವುದು ಬೇರೊಂದು ಮರವಾದ ಕಗ್ಗಲಿಯ ತಿರುಳಿನಿಂದ. ಆದರೂ ಲಿನೇಯಸ್ ಅಡಿಕೆಗೆ ಅಂಟಿಸಿದ ಆ ಹೆಸರು ಇಂದಿಗೂ ಹಾಗೆಯೇ ಉಳಿದಿದೆ.