ತಿಂದ ರೊಟ್ಟಿ ಸಂಜೆ ಬಾಯಿಗೆ ಬಂದರೆ ಅದು ಗ್ಯಾಸೇ? ಗಂಟಲ ಚೀಲಕ್ಕೆ ಹೆಸರು ಕೊಟ್ಟ ಝೆಂಕರ್ ಕಥೆ

ಮಧ್ಯಾಹ್ನ ತಿಂದ ರೊಟ್ಟಿಯ ಚೂರು ಸಂಜೆ ಬಾಯಿಗೆ ವಾಪಸ್ ಬರುತ್ತದೆ. ಹುಳಿ ಇಲ್ಲ, ಕಹಿ ಇಲ್ಲ, ತಿಂದದ್ದು ತಿಂದ ಹಾಗೆಯೇ ಇರುತ್ತದೆ. ಮನೆಯ ಹಿರಿಯರಿಗೆ ಹೀಗಾದರೆ ಗ್ಯಾಸ್, ಪಿತ್ತ, ವಯಸ್ಸು ಎಂದುಕೊಂಡು ಜೀರಿಗೆ ನೀರು ಕುಡಿಸಿ ಸುಮ್ಮನಾಗುತ್ತೇವೆ. ಆದರೆ ಆ ಚೂರು ಹೊಟ್ಟೆಗೆ ಹೋಗಿಯೇ ಇರಲಿಕ್ಕಿಲ್ಲ. ಗಂಟಲ ಹಿಂಭಾಗದ ಒಂದು ಪುಟ್ಟ ಚೀಲದಲ್ಲಿ ಕೂತಿದ್ದಿರಬಹುದು. ಇದಕ್ಕೆ ಝೆಂಕರ್ ಡೈವರ್ಟಿಕ್ಯುಲಮ್ ಎಂದು ಹೆಸರು.

ಫ್ರೀಡ್ರಿಕ್ ಆಲ್ಬರ್ಟ್ ಝೆಂಕರ್ 1825ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದರು. ವೈದ್ಯಕೀಯ ಓದಿ, ತಮ್ಮೂರಿನ ಆಸ್ಪತ್ರೆಯಲ್ಲೇ ಶವಪರೀಕ್ಷೆಯ ಕೆಲಸಕ್ಕೆ ಸೇರಿದರು. 1860ರ ಜನವರಿಯಲ್ಲಿ ಮನೆಗೆಲಸದ ಯುವತಿಯೊಬ್ಬಳು ಅಲ್ಲಿ ತೀರಿಕೊಂಡಳು. ಜ್ವರ, ಮುಟ್ಟಲಾಗದಷ್ಟು ಮೈಕೈ ನೋವು. ಟೈಫಾಯ್ಡ್ ಎಂದೇ ವೈದ್ಯರು ತಿಳಿದಿದ್ದರು. ಝೆಂಕರ್ ಅವಳ ಸ್ನಾಯುವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಂಡದ್ದು ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು. ಅಲ್ಲಿಯವರೆಗೆ ಈ ಹುಳು ನಿರುಪದ್ರವಿ ಎಂಬ ನಂಬಿಕೆಯಿತ್ತು. ಅವರು ಅಷ್ಟಕ್ಕೇ ಬಿಡಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಮನೆಯವರೆಗೂ ಜಾಡು ಹಿಡಿದರು. ಅಲ್ಲಿ ಕೆಲವೇ ವಾರಗಳ ಹಿಂದೆ ಹಂದಿ ಕಡಿದಿದ್ದರು, ಉಳಿದ ಮಾಂಸದಲ್ಲೂ ಅದೇ ಹುಳು ಇತ್ತು, ಅದನ್ನು ತಿಂದ ಬೇರೆಯವರಿಗೂ ಕಾಯಿಲೆ ಬಂದಿತ್ತು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಇದೇ. ಗಂಟಲ ಚೀಲ ಆಮೇಲಿನದು.

1862ರಲ್ಲಿ ಅವರು ಎರ್ಲಾಂಗೆನ್‌ನಲ್ಲಿ ಪ್ರಾಧ್ಯಾಪಕರಾದರು. ಗಂಟಲ ಚೀಲವನ್ನು ಮೊದಲು ವಿವರಿಸಿದವರು ಝೆಂಕರ್ ಅಲ್ಲ. ಅವರಿಗಿಂತ ನೂರು ವರ್ಷ ಮೊದಲೇ ಇಂಗ್ಲೆಂಡಿನ ಲಡ್ಲೋ ಎಂಬ ವೈದ್ಯರು ಅದನ್ನು ಕಂಡಿದ್ದರು. ಝೆಂಕರ್ ಮತ್ತು ಸಹೋದ್ಯೋಗಿ ತ್ಸೀಮ್ಸೆನ್ 1877ರಲ್ಲಿ ತಮ್ಮ ಹಾಗೂ ಇತರರ ಇಪ್ಪತ್ತಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟಿಗಿಟ್ಟು ಕಾರಣ ಹುಡುಕಿದರು: ಚೀಲ ಮಾಡುವುದು ಒಳಗಿನ ಒತ್ತಡ.

ನುಂಗುವಾಗ ಅನ್ನನಾಳದ ಬಾಯಲ್ಲಿರುವ ಸ್ನಾಯು ಸಡಿಲವಾಗಿ ದಾರಿ ಬಿಡಬೇಕು. ವಯಸ್ಸಾದಂತೆ ಕೆಲವರಲ್ಲಿ ಅದು ಸರಿಯಾಗಿ ಬಿಡುವುದಿಲ್ಲ. ತುತ್ತು ತಳ್ಳುವ ಒತ್ತಡಕ್ಕೆ, ಅದರ ಸ್ವಲ್ಪ ಮೇಲಿನ ದುರ್ಬಲ ಜಾಗದಲ್ಲಿ ಒಳಪದರ ಹೊರಗೆ ಉಬ್ಬುತ್ತದೆ. ಹಳೇ ಸೈಕಲ್ ಟೈರಿನ ಬಿರುಕಿನಿಂದ ಟ್ಯೂಬ್ ಉಬ್ಬಿದ ಹಾಗೆ. ಅಲ್ಲಿ ಊಟ ಕೊಳೆತು ಬಾಯಿ ವಾಸನೆ ಬರುತ್ತದೆ, ಗಂಟಲು ಗೊಳಗೊಳ ಎನ್ನುತ್ತದೆ, ರಾತ್ರಿ ಮಲಗಿದಾಗ ಕೆಮ್ಮು. ಆ ಊಟ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗಬಹುದು.

ಝೆಂಕರ್ 1898ರಲ್ಲಿ ತೀರಿಕೊಂಡರು. ಎಕ್ಸ್-ರೇ ಬಂದು ಆಗ ಬರೀ ಮೂರು ವರ್ಷವಾಗಿತ್ತು. ಇವತ್ತು ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್-ರೇ ತೆಗೆದರೆ ಚೀಲ ಕಾಣುತ್ತದೆ. ಮಾತ್ರೆ, ಕಷಾಯ, ನಿಂಬೆನೀರು ಯಾವುದೂ ಅದನ್ನು ಮುಚ್ಚುವುದಿಲ್ಲ. ತೊಂದರೆ ಕೊಡದ ಚಿಕ್ಕ ಚೀಲವನ್ನು ಹಾಗೇ ಬಿಡಬಹುದು. ತೊಂದರೆಯಿದ್ದರೆ ಬಿಗಿಯಾದ ಆ ಸ್ನಾಯುವನ್ನು ಕತ್ತರಿಸುತ್ತಾರೆ, ಹೆಚ್ಚಾಗಿ ಬಾಯಿಯ ಮೂಲಕವೇ. ಇದು ಕ್ಯಾನ್ಸರ್ ಅಲ್ಲ. ಆದರೆ ಅನ್ನನಾಳದ ಕ್ಯಾನ್ಸರ್‌ನಲ್ಲೂ ನುಂಗಲು ಕಷ್ಟವಾಗುತ್ತದೆ, ಹಾಗಾಗಿ ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ.

ಚಡಚಣ, ಇಂಡಿ ಕಡೆಯವರು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋದಾಗ ಗಂಟಲ ತಜ್ಞರಿಗೆ ಬರೀ ಗ್ಯಾಸ್ ಎನ್ನಬೇಡಿ. ವಾಪಸ್ ಬಂದದ್ದು ಏನು, ಅದನ್ನು ತಿಂದು ಎಷ್ಟು ತಾಸಾಗಿತ್ತು ಎಂದು ಹೇಳಿ. ಎಂಡೋಸ್ಕೋಪಿಗೆ ಮೊದಲೇ ಇದು ಅವರಿಗೆ ಗೊತ್ತಿರಬೇಕು, ಏಕೆಂದರೆ ಕೊಳವೆ ದಾರಿ ತಪ್ಪಿ ಚೀಲಕ್ಕೆ ಹೊಕ್ಕರೆ ಅದು ತೂತಾಗುವ ಅಪಾಯವಿದೆ.