ಮನ್ರೋ ಸಾಹೇಬನ ಒಂಟಿ ಸವಾರಿ



ನಮ್ಮ ವಾರದ ಓದಿನಲ್ಲಿ ಸಿದ್ಧಾರ್ಥ ಕಪಿಲವಸ್ತುವನ್ನು ಬಿಟ್ಟು ಹೊರಟ ರಾತ್ರಿಯ ಭಾಗ ಮುಗಿಯಿತು. ಆ ರಾತ್ರಿ ಆತ ಕಂಥಕನೆಂಬ ಕುದುರೆ ಏರಿದ. ಕುದುರೆಯ ಬಾಲ ಹಿಡಿದು ಛನ್ನ ಜೊತೆಗೆ ಬಂದ. ಅನೋಮಾ ನದಿ ದಾಟಿದ ಮೇಲೆ ಇಬ್ಬರನ್ನೂ ಹಿಂದಕ್ಕೆ ಕಳುಹಿಸಿದ. ಓದು ಮುಗಿದ ಮೇಲೆ ಮಾತು ಕುದುರೆ ಸವಾರಿಯ ಕಡೆಗೇ ಹೊರಳಿತು. ಸವಾರಿ ಕಲಿಯುತ್ತಿರುವ ಒಬ್ಬ ಹುಡುಗ ನಮ್ಮ ಗುಂಪಿನಲ್ಲಿದ್ದಾನೆ. ಹೋಗುವುದಾದರೆ ಒಬ್ಬನೇ ಹೋಗಬೇಕು, ಆಗ ಕುದುರೆ ನಮ್ಮ ಮಾತು ಮಾತ್ರ ಕೇಳುತ್ತದೆ, ನಾಲ್ಕು ಕುದುರೆ ಸೇರಿದರೆ ಒಂದನ್ನು ನೋಡಿ ಇನ್ನೊಂದು ಓಡುತ್ತದೆ ಎಂಬುದು ಅವನ ವಾದ. ಕುದುರೆ ಹಿಂಡಿನಲ್ಲಿ ಬದುಕುವ ಪ್ರಾಣಿ, ಅದನ್ನೇ ಕೇಳಿದರೆ ಜೊತೆ ಬೇಕು ಅಂದೀತು ಎಂದು ಇನ್ನೊಬ್ಬರು ಹೇಳಿದರು.

ನಾನು ಕುದುರೆ ಹತ್ತಿದವನಲ್ಲ. ಸಂಪಾಜೆಯಲ್ಲಿ ನಾವು ಕಾಣುವುದು ಮಡಿಕೇರಿ ಘಾಟಿ ಇಳಿದು ಬರುವ ಬಸ್ಸು, ಲಾರಿ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಪಯಸ್ವಿನಿ, ಇಷ್ಟೇ. ಆದರೆ ಆ ಚರ್ಚೆ ಕೇಳುವಾಗ ನನಗೆ ನೆನಪಾದದ್ದು ಥಾಮಸ್ ಮನ್ರೋ. ಟಿಪ್ಪು ಸುಲ್ತಾನನ ನಂತರ ನಮ್ಮ ಕೆನರಾ ಜಿಲ್ಲೆಗೆ ಕಂಪನಿ ಸರಕಾರ ಕಳುಹಿಸಿದ ಮೊದಲ ಕಲೆಕ್ಟರ್. ಒಬ್ಬನೇ ತಿರುಗಾಡುವುದನ್ನು ಇಷ್ಟಪಟ್ಟ ಮನುಷ್ಯ. ಅವನ ಜೀವನವನ್ನು ಈ ಒಂದು ಎಳೆ ಹಿಡಿದು ಇವತ್ತು ಹೇಳುತ್ತೇನೆ.

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ವ್ಯಾಪಾರಿ, ಅಮೆರಿಕದ ಯುದ್ಧದಿಂದಾಗಿ ವ್ಯಾಪಾರ ಮುಳುಗಿತು. ಚಿಕ್ಕಂದಿನಲ್ಲಿ ದಡಾರ ಬಂದು ಹುಡುಗನ ಕಿವಿ ಸ್ವಲ್ಪ ಮಂದವಾಯಿತು, ಕೊನೆಯವರೆಗೂ ಹಾಗೆಯೇ ಉಳಿಯಿತು. ಗುಂಪಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಇಂಥವರಿಗೆ ಎಷ್ಟು ಕಷ್ಟ ಎಂಬುದು ಮನೆಯಲ್ಲಿ ಕಿವಿ ಕೇಳದ ಹಿರಿಯರಿರುವವರಿಗೆ ಗೊತ್ತು. ಏಕಾಂತವನ್ನು ಆತ ಇಷ್ಟಪಡಲು ಇದೂ ಒಂದು ಕಾರಣ ಇದ್ದಿರಬಹುದು ಎಂದು ನನ್ನ ಊಹೆ.

1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದಾಗ ಅವನು ಕಾಲಾಳು ಪಡೆಯ ಒಬ್ಬ ಕೆಡೆಟ್, ವಯಸ್ಸು 18. ಬಂದ ವರ್ಷವೇ ಹೈದರಾಲಿಯ ಜೊತೆ ಯುದ್ಧ. ಮೊದಲ ಮೂರು ವರ್ಷ ತಲೆದಿಂಬು ಎಂದರೆ ಒಂದು ಪುಸ್ತಕ, ಇಲ್ಲವೇ ತೋಟಾ ಇಡುವ ಚೀಲ. ಊರಿನಿಂದ ತಂದ ದೊಡ್ಡ ಕೋಟೇ ಕಂಬಳಿ. ಕಾಲು ಮುಚ್ಚಿದರೆ ಕುತ್ತಿಗೆ ಹೊರಗೆ, ಕುತ್ತಿಗೆ ಮುಚ್ಚಿದರೆ ಕಾಲು ಹೊರಗೆ. ಇದನ್ನೆಲ್ಲ ಅವನು ತಂಗಿಗೆ ಬರೆದ ಕಾಗದದಲ್ಲಿ ನಗುನಗುತ್ತ ಹೇಳಿಕೊಂಡಿದ್ದಾನೆ. ಕುದುರೆಯ ಮೇಲೆ ಕೂತು ಜಿಲ್ಲೆ ಆಳುವ ದಿನಗಳು ಇನ್ನೂ ದೂರ ಇದ್ದವು.

1792ರಿಂದ 7 ವರ್ಷ ಬಾರಾಮಹಲಿನಲ್ಲಿ, ಅಂದರೆ ಈಗಿನ ಧರ್ಮಪುರಿ, ಕೃಷ್ಣಗಿರಿಯ ಕಡೆ, ಕಂದಾಯದ ಕೆಲಸ ಕಲಿತ. ಅಲ್ಲಿ ತೋಟ ಮಾಡಿದ. ಬಯಲು ಸೀಮೆ, ಬೆಳಗಿನ ಗಾಳಿ, ಕಣ್ಣು ಹಾಯಿಸಿದಷ್ಟು ದೂರ ದಾರಿ. ಆ ಜೀವನ ಅವನಿಗೆ ಹಿಡಿಸಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರಲ್ಲಿ, ಕೆನರಾಕ್ಕೆ ಹೋಗು ಎಂಬ ಆಜ್ಞೆ ಬಂತು. ಮನಸ್ಸಿಲ್ಲದೆ ಬಂದ.

ನಮ್ಮ ಊರು ಅವನಿಗೆ ಇಷ್ಟವಾಗಲಿಲ್ಲ. ಇದನ್ನು ನಾವು ಬೇಸರವಿಲ್ಲದೆ ಒಪ್ಪಿಕೊಳ್ಳಬಹುದು. ಆಗ ಕೆನರಾ ಎಂದರೆ ನೀಲೇಶ್ವರದ ಕಡೆಯಿಂದ ಕಾರವಾರದ ಆಚೆಯವರೆಗೆ. ಗಾಡಿ ಹೋಗುವ ರಸ್ತೆ ಇಲ್ಲ. ಸಾಮಾನು ಎತ್ತಿನ ಬೆನ್ನ ಮೇಲೆ, ಇಲ್ಲವೇ ಜನರ ತಲೆಯ ಮೇಲೆ. ಜೂನ್‌ನಿಂದ ಬಿಡದೆ ಸುರಿಯುವ ಮಳೆ, ಮೈಲಿಗೊಂದು ಹೊಳೆ, ಗದ್ದೆಯ ಬದು, ಕಾಡು, ಜಿಗಣೆ. ಕುದುರೆಯನ್ನು ನಾಗಾಲೋಟಕ್ಕೆ ಬಿಡಲು ಇಲ್ಲಿ ಜಾಗವೆಲ್ಲಿ? ಸುಳ್ಯದಿಂದ ಸಂಪಾಜೆಗೆ ಬರುವಾಗ ಎಷ್ಟು ಸಲ ಇಳಿದು ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಬೇಕಾಗುತ್ತಿತ್ತೋ ಲೆಕ್ಕ ಹಾಕಿ.

ಜನರೂ ದೂರವೇ ನಿಂತರು. ಹೊಸ ಸರಕಾರ ಎಷ್ಟು ಕಂದಾಯ ಕೇಳುತ್ತದೋ ಎಂಬ ಭಯದಿಂದ ರೈತರು ಊರೂರಲ್ಲಿ ಕೂಟ ಸೇರಿ, ಕಚೇರಿಗೆ ಯಾರೂ ಒಬ್ಬೊಬ್ಬರಾಗಿ ಹೋಗಬಾರದು ಎಂದು ಕಟ್ಟು ಮಾಡಿಕೊಂಡಿದ್ದರು. ನೋಡಿ, ಇಲ್ಲಿ ಕುದುರೆಯ ಮೇಲಿನವನು ಒಂಟಿ, ನೆಲದ ಮೇಲಿನವರು ಗುಂಪು. ಆ ಗುಂಪಿಗೂ ಅದರದ್ದೇ ಬುದ್ಧಿ ಇತ್ತು. ವಿಟ್ಲದ ಡೊಂಬ ಹೆಗ್ಗಡೆ ಕತ್ತಿ ಹಿಡಿದ. ಅವನನ್ನು 1800ರಲ್ಲಿ ಗಲ್ಲಿಗೆ ಹಾಕಿದರು. ಮನ್ರೋ ಒಳ್ಳೆಯವನು ಎಂದು ಹೊಗಳುವ ಪುಸ್ತಕಗಳು ಈ ಭಾಗವನ್ನು ಬೇಗ ದಾಟುತ್ತವೆ. ಪುತ್ತೂರು, ವಿಟ್ಲದ ಕಡೆಯವರಾದ ನಾವು ಹಾಗೆ ದಾಟುವುದು ಸರಿಯಲ್ಲ.

ಹಾಗಿದ್ದರೂ ಅವನು ಇಲ್ಲಿ ಕಣ್ಣು ತೆರೆದು ತಿರುಗಿದ. ಹಳೆಯ ಲೆಕ್ಕದ ಕಡತಗಳನ್ನು ನೋಡಿದ. ವಿಜಯನಗರದ ಕಾಲದ ಕಂದಾಯ, ಇಕ್ಕೇರಿಯವರು ಹೆಚ್ಚಿಸಿದ್ದು, ಹೈದರ್ ಮತ್ತು ಟಿಪ್ಪು ಹೆಚ್ಚಿಸಿದ್ದು, ಎಲ್ಲವನ್ನೂ ಬಿಡಿಸಿ ನೋಡಿದ. ಭೂಮಿ ಇಲ್ಲಿ ರಾಜನದ್ದಲ್ಲ, ಮೂಲವರ್ಗದಾರನ ಸ್ವಂತದ್ದು ಎಂದು 1800ರ ವರದಿಯಲ್ಲಿ ಬರೆದ. ಅದೇ ವರ್ಷ ವರ್ಗಾವಣೆ ಕೇಳಿ ಪಡೆದು ಹೊರಟೂಹೋದ. ಮುಂದೆ ನಮ್ಮ ಅಮರ ಸುಳ್ಯ ಸೀಮೆ ಕೊಡಗಿನ ವೀರರಾಜೇಂದ್ರನಿಗೆ ಸೇರಿದ್ದು, 1834ರಲ್ಲಿ ಕೊಡಗು ಕಂಪನಿಯ ಕೈಗೆ ಬಿದ್ದಾಗ ಮತ್ತೆ ಕೆನರಾಕ್ಕೆ ಬಂದದ್ದು, 1837ರಲ್ಲಿ ದಂಗೆ ಎದ್ದದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ.

ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟಿದ್ದ. ಮನ್ರೋ ಅಲ್ಲಿ 1800ರಿಂದ 1807ರವರೆಗೆ ಕಲೆಕ್ಟರ್. ಮೊದಲ ಕೆಲವು ವರ್ಷ ಮನೆ ಎಂಬುದೇ ಇಲ್ಲ, ಡೇರೆಯೇ ಮನೆ. ಹಳ್ಳಿಯಿಂದ ಹಳ್ಳಿಗೆ ಕುದುರೆಯ ಮೇಲೆ. ಪಾಳೆಗಾರರು ತುಂಬಿದ್ದ, ಕೊಲೆ ದರೋಡೆ ಸಾಮಾನ್ಯವಾಗಿದ್ದ ಸೀಮೆ ಅದು. ಆದರೂ ಅವನು ಸಿಪಾಯಿಗಳ ಪಹರೆ ಇಲ್ಲದೆ ಓಡಾಡಿದ. ಬಂದೂಕು ಹಿಡಿದವರು ಜೊತೆಗಿದ್ದರೆ ರೈತ ಹತ್ತಿರ ಬಂದು ಮಾತಾಡುವುದಿಲ್ಲ, ಬಂದರೂ ನಿಜ ಹೇಳುವುದಿಲ್ಲ. ರೈತನಿಗೂ ಸರಕಾರಕ್ಕೂ ನಡುವೆ ಜಮೀನ್ದಾರ ಬೇಡ ಎಂಬ ರೈತವಾರಿ ಪದ್ಧತಿಗೂ ಈ ಪಹರೆ ಇಲ್ಲದ ಸವಾರಿಗೂ ಒಳಗೆ ಸಂಬಂಧ ಇದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿಂದ ಹೊರಡುವಾಗ ಕಂದಾಯವನ್ನು ಶೇಕಡ 25ರಷ್ಟು ಇಳಿಸಬೇಕು ಎಂದು ಬರೆದ. ಆಗ ಮೇಲಿನವರು ಕೇಳಲಿಲ್ಲ.

ಒಂಟಿ ಸವಾರಿ ಎಂದು ನಾನು ಬರೆಯುತ್ತಿದ್ದೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ಮದರಾಸು ಸೀಮೆಯಲ್ಲಿ ದೊರೆಯ ಒಂದೊಂದು ಕುದುರೆಗೂ ಸಾಮಾನ್ಯವಾಗಿ ಇಬ್ಬರು ಆಳುಗಳು. ಒಬ್ಬ ಕುದುರೆ ನೋಡಿಕೊಳ್ಳುವವನು, ಇನ್ನೊಬ್ಬ ಹುಲ್ಲು ಕೊಯ್ದು ತರುವವನು. ಸವಾರ ಹೊರಟರೆ ಇವರೂ ಕಾಲ್ನಡಿಗೆಯಲ್ಲಿ ಹೊರಟರು. ದೊರೆ ಇಳಿದಾಗ ಲಗಾಮು ಹಿಡಿಯಲು ಕೈ ಬೇಕು, ಬೆವರಿದ ಕುದುರೆಯ ಮೈ ಒರೆಸಬೇಕು, ಸಂಜೆಗೆ ಹುರುಳಿ ಬೇಯಿಸಬೇಕು. ಇವರಲ್ಲದೆ ಡೇರೆ ಹೊರುವವರು, ಅಡಿಗೆಯವನು, ಗುಮಾಸ್ತರು, ಜವಾನರು. ಆದರೂ ದಾಖಲೆಯಲ್ಲಿ ದೊರೆ ಒಬ್ಬನೇ. ನಡೆದು ಬಂದವರ ಹೆಸರು ಎಲ್ಲೂ ಇಲ್ಲ.

ನಮ್ಮ ಪರಂಪರೆ ಈ ವಿಷಯದಲ್ಲಿ ಬೇರೆ. ಕುದುರೆಯ ಬಾಲ ಹಿಡಿದು ಬಂದವನ ಹೆಸರು ಛನ್ನ ಎಂಬುದು 2,500 ವರ್ಷವಾದರೂ ನಮಗೆ ಗೊತ್ತು. ಅವನ ಮುಂದಿನ ಕಥೆಯೂ ಗೊತ್ತು. ಅವನು ಭಿಕ್ಷುವಾದ, ಆದರೆ ಆ ರಾತ್ರಿ ಜೊತೆಗಿದ್ದವನು ನಾನೊಬ್ಬನೇ ಎಂಬ ಹೆಮ್ಮೆ ಬಿಡಲಿಲ್ಲ. ಸಾರಿಪುತ್ತ, ಮೊಗ್ಗಲ್ಲಾನರನ್ನೂ ಲಕ್ಷ್ಯ ಮಾಡಲಿಲ್ಲ. ಭಗವಾನರು ಪರಿನಿರ್ವಾಣಕ್ಕೆ ಮುಂಚೆ ಅವನಿಗೆ ಬ್ರಹ್ಮದಂಡ ವಿಧಿಸಿದರು. ಅಂದರೆ ಯಾರೂ ಅವನ ಜೊತೆ ಮಾತಾಡಬಾರದು, ಬುದ್ಧಿ ಹೇಳಬಾರದು. ಕೋಸಂಬಿಯಲ್ಲಿ ಆನಂದ ಈ ಸುದ್ದಿ ಹೇಳಿದಾಗ ಛನ್ನ ಮೂರ್ಛೆ ಹೋದ. ಆಮೇಲೆ ಒಬ್ಬನೇ ಕುಳಿತು ಸಾಧನೆ ಮಾಡಿ ಅರಹಂತನಾದ. ಜೊತೆಯನ್ನೇ ಜೀವ ಮಾಡಿಕೊಂಡಿದ್ದವನಿಗೆ ಒಂಟಿತನವೇ ಔಷಧ ಆಯಿತು. ಮನ್ರೋನ ಜೀವನದಲ್ಲಿ ಇದು ತಿರುವುಮುರುವಾಗಿ ನಡೆಯಿತು.

ಅದಕ್ಕೆ ಬರುವ ಮೊದಲು ಮಂತ್ರಾಲಯ. ಬಳ್ಳಾರಿಯ ಕಲೆಕ್ಟರನಾಗಿದ್ದಾಗ ಮಠದ ಜಮೀನಿನ ವಿಚಾರಣೆಗೆ ಹೋದ ಮನ್ರೋ, ಟೋಪಿ, ಬೂಟು ಕಳಚಿ ಒಳಗೆ ಹೋಗಿ ರಾಘವೇಂದ್ರ ಸ್ವಾಮಿಗಳ ಜೊತೆ ಮಾತಾಡಿದ, ಜೊತೆಯಲ್ಲಿದ್ದ ಯಾರಿಗೂ ಸ್ವಾಮಿಗಳು ಕಾಣಲಿಲ್ಲ ಎಂಬ ಐತಿಹ್ಯವನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಬಳ್ಳಾರಿ ಜಿಲ್ಲೆಯ ಹಳೆಯ ಗೆಜೆಟಿಯರಿನಲ್ಲೂ ಅದು ಸೇರಿದೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನಗೆ ಸ್ವಾರಸ್ಯ ಕಾಣುವುದು ಬೇರೆ ಕಡೆ: ಇಷ್ಟೊಂದು ಜನರ ನಡುವೆಯೂ ಈ ಮನುಷ್ಯ ಒಂಟಿಯಾಗಿಯೇ ಇದ್ದ ಎಂಬುದನ್ನು ಜನರ ಕಥೆ ಎಷ್ಟು ಚೆನ್ನಾಗಿ ಹಿಡಿದಿದೆ! ಆ ಸೀಮೆಯಲ್ಲಿ ಅವನನ್ನು ಮಾಂಡವ ಋಷಿ ಎಂದು ಕರೆದರು, ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು.

1807ರಲ್ಲಿ ಊರಿಗೆ ಹೋದ. 1814ರಲ್ಲಿ, 50 ದಾಟಿದ ಮೇಲೆ, ಜೇನ್ ಕ್ಯಾಂಪ್‌ಬೆಲ್ ಎಂಬವಳನ್ನು ಮದುವೆಯಾದ. 1820ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ. ಹಿಂದೆ ಕೇಳಿದ್ದ ಕಂದಾಯದ ಇಳಿಕೆಯನ್ನು ಈಗ ತಾನೇ ಜಾರಿ ಮಾಡಿದ. ಬೆಳಗಾಗುವಾಗಲೇ ಎದ್ದು ಹೊರಗೆ ಹೋಗುವ ಅಭ್ಯಾಸ ಹಾಗೆಯೇ ಇತ್ತು. ದಾರಿಯಲ್ಲೇ ಜನ ಅರ್ಜಿ ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿದ್ದ. ಬದಲಾದದ್ದು ಒಂದು: ಗಿಂಡಿಯ ತೋಟದ ಮನೆಯಲ್ಲಿ ಈಗ ಹೆಂಡತಿ ಜೊತೆಗಿದ್ದಳು, ಕೊನೆಯ ಮಗ ಕೇಮನ್ ಓಡಾಡುತ್ತಿದ್ದ.

1826ರಲ್ಲಿ ಆ ಮಗನಿಗೆ ಕಾಯಿಲೆಯಾಯಿತು. ತಲೆಗೆ ಜಿಗಣೆ ಹಚ್ಚಿದರು. ಮಗು ಹೆದರಿ ಅತ್ತಿತು. ಜೀವ ಉಳಿಯಿತು, ಆದರೆ ಈ ಬಿಸಿಲಲ್ಲಿ ಇಡುವುದು ಬೇಡ ಎಂದು ತಾಯಿ ಅವನನ್ನು ಕರೆದುಕೊಂಡು ಹಡಗು ಹತ್ತಿದಳು. ಮನ್ರೋ ಕೆಲಸ ಬಿಡುತ್ತೇನೆ ಎಂದು ಮೊದಲೇ ಕೇಳಿದ್ದ. ಬರ್ಮಾ ಯುದ್ಧ ಬಂದು ತಡೆಯಿತು, ಆಮೇಲೆ ಮುಂದಿನವನು ಬರುವುದು ತಡವಾಯಿತು. ಹಾಗೆ ಉಳಿದ.

ಗಿಂಡಿಯಿಂದ ಅವನು ಹೆಂಡತಿಗೆ ಬರೆದ ಕಾಗದವನ್ನು ಓದಿದರೆ, ಬಾರಾಮಹಲಿನ ಆ ಏಕಾಂತಪ್ರಿಯ ಇವನೇನಾ ಅನ್ನಿಸುತ್ತದೆ. ಮಗನ ಕೋಣೆಯೊಳಗೆ ಹೋಗಲು ಮನಸ್ಸು ಬರುವುದಿಲ್ಲ. ಅದನ್ನು ದಾಟಿ ಹೋಗುವಾಗಲೆಲ್ಲ ಆಯಾಳ ಮಡಿಲಲ್ಲಿ ಮಲಗಿ ಅಳುತ್ತಿದ್ದ ಮಗುವೇ ಕಣ್ಣೆದುರು. ಬೆಳಗ್ಗೆ ಎದ್ದು ಹೆಂಡತಿಗೆ ಇಷ್ಟವಾಗಿದ್ದ ದಾರಿಯಲ್ಲೇ ಹೋಗಿ ಬರುತ್ತಾನೆ. ದಾರಿ, ಮರ, ತೋಟ ಎಲ್ಲ ಇದ್ದ ಹಾಗೇ ಇವೆ, ಮನೆ ಮಾತ್ರ ಬಣಗುಟ್ಟುತ್ತದೆ. ವಯಸ್ಸು 65. ಡೇರೆಯಲ್ಲಿ ವರ್ಷಗಟ್ಟಲೆ ಒಬ್ಬನೇ ಮಲಗಿದವನಿಗೆ ಒಂದು ಖಾಲಿ ಕೋಣೆಯನ್ನು ದಾಟುವುದು ಕಷ್ಟವಾಗಿತ್ತು. ಜೊತೆಯ ರುಚಿ ಗೊತ್ತಿಲ್ಲದಾಗಿನ ಒಂಟಿತನವೂ ಗೊತ್ತಾದ ಮೇಲಿನ ಒಂಟಿತನವೂ ಒಂದೇ ಅಲ್ಲವಲ್ಲ.

1827ರ ಬೇಸಿಗೆಯ ಕೊನೆಗೆ, ಊರಿಗೆ ಹೊರಡುವ ಮುಂಚೆ ಹಳೆಯ ಸೀಮೆಯನ್ನೊಮ್ಮೆ ನೋಡಿ ಬರುತ್ತೇನೆ ಎಂದು ಹೊರಟ. ಒಂದು ಕಾಲದಲ್ಲಿ ಪಹರೆ ಬೇಡ ಎಂದು ತಿರುಗಿದ್ದ ನೆಲಕ್ಕೆ ಈಗ ಗವರ್ನರನಾಗಿ, ಪಹರೆಯ ಸಿಪಾಯಿಗಳ ಜೊತೆ. ಆ ವರ್ಷ ಅಲ್ಲಿ ಕಾಲರಾ ಇತ್ತು. ದಂಡಿನಲ್ಲಿ ಮೊದಲು ಜೊತೆಯವರಿಗೆ ತಗಲಿತು. ಜುಲೈ 6ರಂದು, ಕರ್ನೂಲು ಕಡೆಯ ಪತ್ತಿಕೊಂಡದ ಬಿಡಾರದಲ್ಲಿ, ಬೆಳಗ್ಗೆ ಮನ್ರೋಗೂ ಶುರುವಾಯಿತು. ರಾತ್ರಿಯೊಳಗೆ ತೀರಿಕೊಂಡ. ಹೆಂಡತಿ ಇಂಗ್ಲೆಂಡಿನಲ್ಲಿ ಅವನ ದಾರಿ ಕಾಯುತ್ತಿದ್ದಳು. ಆಗಿನ ಹಡಗಿನ ಲೆಕ್ಕದಲ್ಲಿ ಸುದ್ದಿ ಮುಟ್ಟಲು ತಿಂಗಳುಗಳೇ ಬೇಕು. ದೇಹವನ್ನು ಗುತ್ತಿಯಲ್ಲಿ ಹೂಳಿದರು. ನಾಲ್ಕು ವರ್ಷದ ಮೇಲೆ ಮದರಾಸಿನ ಕೋಟೆಯ ಚರ್ಚಿಗೆ ಒಯ್ದರು.

ಮದರಾಸಿನ ಐಲ್ಯಾಂಡ್ ಮೈದಾನದ ಹತ್ತಿರ, ವಾಹನಗಳ ನಡುವೆ, ಅವನ ಕಂಚಿನ ಪ್ರತಿಮೆ ಕುದುರೆಯ ಮೇಲೆ ಕೂತಿದೆ. ಮಾಡಿದವನು ಫ್ರಾನ್ಸಿಸ್ ಚಾಂಟ್ರಿ. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿ ಮರೆತುಬಿಟ್ಟ ಎಂದು ಜನ ತಮಾಷೆ ಮಾಡುತ್ತಾರೆ. ಅದೇ ಶಿಲ್ಪಿ ಲಂಡನ್ನಿನಲ್ಲಿ ನಾಲ್ಕನೇ ಜಾರ್ಜ್ ದೊರೆಯನ್ನೂ ಹೀಗೆಯೇ ಕೂರಿಸಿದ್ದಾನೆ, ಆದ್ದರಿಂದ ಮರೆವು ಇರಲಾರದು. ಪತ್ತಿಕೊಂಡದಲ್ಲಿ ಅವನು ಸತ್ತ ಜಾಗದಲ್ಲಿ ಸರಕಾರ ಒಂದು ತೋಪು ಬೆಳೆಸಿ ಬಾವಿ ತೋಡಿಸಿತು. ಗುತ್ತಿಯಲ್ಲಿ ದಾರಿಹೋಕರಿಗೆ ಒಂದು ಛತ್ರ ಕಟ್ಟಿಸಿತು. ಹುಲ್ಲಿನ ಹೊರೆ ಹೊತ್ತು ಬಿಸಿಲಲ್ಲಿ ನಡೆದು ಬರುವವರೂ ಆ ನೆರಳಲ್ಲಿ ಕೂತು ನೀರು ಸೇದಿ ಕುಡಿದಿರಬೇಕು.