ಆಂಟೋನ್ ಲಾವೋಸಿಯೆ

ಆಂಟೋನ್ ಲಾವೋಸಿಯೆ (೨೬ ಆಗಸ್ಟ್ ೧೭೪೩ – ೮ ಮೇ ೧೭೯೪) ಫ್ರಾನ್ಸಿನ ರಸಾಯನ ವಿಜ್ಞಾನಿ. ವಸ್ತುಗಳ ದಹನವೂ ಪ್ರಾಣಿಗಳ ಉಸಿರಾಟವೂ ಮೂಲತಃ ಒಂದೇ ಬಗೆಯ ಕ್ರಿಯೆಯೆಂದು ಅಳತೆಯ ಮೂಲಕ ತೋರಿಸಿದ. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯದ ಒಟ್ಟು ರಾಶಿ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂಬ ನಿಯಮ ನೆಲೆಗೊಂಡದ್ದು ಈತನಿಂದ.

ಹುಟ್ಟಿದ್ದು ಪ್ಯಾರಿಸ್ಸಿನ ಅನುಕೂಲಸ್ಥ ವಕೀಲರ ಮನೆತನದಲ್ಲಿ. ಐದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ. ತಂದೆಯಂತೆ ಕಾನೂನು ಓದಿ ಪದವಿ ಪಡೆದರೂ ವಕೀಲಿ ನಡೆಸಲಿಲ್ಲ. ೧೭೬೮ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಅದೇ ವರ್ಷ ದೊರೆಯ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಕೂಟದಲ್ಲಿ ಪಾಲು ಕೊಂಡ. ಪ್ರಯೋಗಶಾಲೆಯ ದುಬಾರಿ ಉಪಕರಣಗಳಿಗೆ ಈ ಆದಾಯ ಒದಗಿತು. ಮುಂದೆ ಪ್ರಾಣಕ್ಕೆ ಎರವಾದದ್ದೂ ಇದೇ ಪಾಲು. ೧೭೭೧ರಲ್ಲಿ ಸಹಗುತ್ತಿಗೆದಾರನೊಬ್ಬನ ಮಗಳಾದ ಮರಿ ಆನ್ ಪೌಲ್ಸಳನ್ನು ಮದುವೆಯಾದ. ಆಗ ಆಕೆಗೆ ಹದಿಮೂರು ವರ್ಷ. ಆಕೆ ಇಂಗ್ಲಿಷ್ ಕಲಿತು ಗಂಡನಿಗಾಗಿ ಅನುವಾದ ಮಾಡಿದಳು, ಪ್ರಯೋಗಗಳ ಟಿಪ್ಪಣಿ ಬರೆದಳು, ಉಪಕರಣಗಳ ಚಿತ್ರ ರಚಿಸಿದಳು. ಲಾವೋಸಿಯೆಯ ಸಾಧನೆಯಲ್ಲಿ ಆಕೆಯ ಪಾಲು ಸಣ್ಣದಲ್ಲ.

ತಕ್ಕಡಿಯ ಸಾಕ್ಷ್ಯ

ನೀರನ್ನು ಬಹುಕಾಲ ಕುದಿಸಿದರೆ ಅದು ಮಣ್ಣಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಲಾವೋಸಿಯೆ ೧೭೬೮ರ ಕೊನೆಯಲ್ಲಿ ಪರೀಕ್ಷೆಗೆ ಒಡ್ಡಿದ. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ನೀರನ್ನು ೧೦೧ ದಿನ ಕಾಯಿಸಿದ. ತಳದಲ್ಲಿ ಗಷ್ಟು ಕಾಣಿಸಿಕೊಂಡದ್ದು ನಿಜ. ಆದರೆ ನೀರು ಮತ್ತು ಪಾತ್ರೆಯ ಒಟ್ಟು ತೂಕ ಬದಲಾಗಿರಲಿಲ್ಲ. ಬರಿಯ ಪಾತ್ರೆಯ ತೂಕ ಮಾತ್ರ ಕಡಿಮೆಯಾಗಿತ್ತು. ಕರಗಿದ್ದು ಗಾಜು, ಮಣ್ಣಾದದ್ದು ನೀರಲ್ಲ.

ಉರಿಯುವ ವಸ್ತುವಿನಿಂದ ಫ್ಲೋಜಿಸ್ಟನ್ ಎಂಬ ಅಂಶ ಹೊರಹೋಗುತ್ತದೆ ಎಂಬುದು ಆ ಕಾಲದ ಸಿದ್ಧಾಂತ. ಹಾಗಿದ್ದರೆ ಉರಿದ ಮೇಲೆ ರಂಜಕ ಮತ್ತು ಗಂಧಕಗಳ ತೂಕ ಏರುವುದೇಕೆ? ೧೭೭೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪ್ಯಾರಿಸ್ಸಿಗೆ ಬಂದಾಗ, ಪಾದರಸದ ಕೆಂಪು ಭಸ್ಮದಿಂದ ತಾನು ಪಡೆದ ಹೊಸ ಅನಿಲದ ವಿಷಯ ಹೇಳಿದ. ಆ ಅನಿಲದಲ್ಲಿ ಮೇಣದಬತ್ತಿ ಹೆಚ್ಚು ಪ್ರಕಾಶದಿಂದ ಉರಿಯುತ್ತಿತ್ತು. ಲಾವೋಸಿಯೆ ಗಾಳಿಯ ಸಂಪರ್ಕದಲ್ಲಿ ಪಾದರಸವನ್ನು ಹನ್ನೆರಡು ದಿನ ಕಾಯಿಸಿದಾಗ ಗಾಳಿಯ ಸುಮಾರು ಆರನೆಯ ಒಂದು ಭಾಗ ಕಡಿಮೆಯಾಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು, ಪ್ರಾಣಿಗಳು ಬದುಕಲಿಲ್ಲ. ಕೆಂಪು ಭಸ್ಮವನ್ನು ಮತ್ತಷ್ಟು ಕಾಯಿಸಿ, ಹೊರಬಂದ ಅನಿಲವನ್ನು ಉಳಿಕೆಯೊಡನೆ ಬೆರೆಸಿದಾಗ ಸಾಮಾನ್ಯ ಗಾಳಿ ಮರಳಿ ದೊರೆಯಿತು. ಪ್ರೀಸ್ಟ್ಲಿಗೆ ಸಲ್ಲಬೇಕಾದ ಮನ್ನಣೆಯನ್ನು ಲಾವೋಸಿಯೆ ಪೂರ್ತಿಯಾಗಿ ಸಲ್ಲಿಸಲಿಲ್ಲ ಎಂಬ ಆಕ್ಷೇಪ ನ್ಯಾಯವಾದುದೇ.

ಆಮ್ಲಗಳೆಲ್ಲ ಈ ಅನಿಲದಿಂದ ಉಂಟಾಗುತ್ತವೆ ಎಂದು ಭಾವಿಸಿ ಆ ಅರ್ಥದ ಗ್ರೀಕ್ ಪದಗಳಿಂದ ಅದಕ್ಕೆ ಹೆಸರಿಟ್ಟ. ಊಹೆ ತಪ್ಪಾಗಿತ್ತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಅನಿಲವೇ ಇಲ್ಲ. ಆದರೂ ಹೆಸರು ಉಳಿಯಿತು. ಕನ್ನಡದ ‘ಆಮ್ಲಜನಕ’ ಅದೇ ಅರ್ಥವನ್ನು ಹೊತ್ತುಕೊಂಡು ಬಂದಿದೆ.

ಉಸಿರಾಟದ ಅಧ್ಯಯನ

೧೭೮೨–೮೩ರ ಚಳಿಗಾಲದಲ್ಲಿ ಗಣಿತಜ್ಞ ಲಾಪ್ಲಾಸ್‌ನೊಡನೆ ಸೇರಿ ಲಾವೋಸಿಯೆ ಒಂದು ಉಷ್ಣಮಾಪಕವನ್ನು ರೂಪಿಸಿದ. ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿ ಗಿನಿಪಿಗ್ ಒಂದನ್ನು ಹತ್ತು ಗಂಟೆ ಇರಿಸಿ, ಕರಗಿದ ನೀರನ್ನು ತೂಗಿದರು. ಅದು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆದರು. ಅಷ್ಟೇ ಇಂಗಾಲದ ಡೈಆಕ್ಸೈಡ್ ಬರುವಷ್ಟು ಇದ್ದಿಲು ಉರಿಸಿದರೆ ದೊರೆಯುವ ಶಾಖಕ್ಕೂ ಪ್ರಾಣಿಯ ಶಾಖಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಉಸಿರಾಟವೆಂದರೆ ಜ್ವಾಲೆಯಿಲ್ಲದ ನಿಧಾನ ದಹನ ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು. ೧೭೯೦ರ ಸುಮಾರಿಗೆ ಸಹಾಯಕ ಸೆಗ್ವಿನ್ ತನ್ನನ್ನೇ ಪ್ರಯೋಗಕ್ಕೆ ಒಪ್ಪಿಸಿಕೊಂಡ. ದುಡಿಮೆಯಲ್ಲಿ, ಊಟವಾದ ಬಳಿಕ, ಚಳಿಯಲ್ಲಿ ದೇಹ ಹೆಚ್ಚು ಆಮ್ಲಜನಕ ಬಳಸುತ್ತದೆಂದು ಆಗ ತಿಳಿಯಿತು. ಈ ದಹನ ಶ್ವಾಸಕೋಶದಲ್ಲೇ ನಡೆಯುತ್ತದೆ ಎಂದು ಲಾವೋಸಿಯೆ ನಂಬಿದ್ದ. ಶ್ವಾಸಕೋಶದಲ್ಲಿ ಆಗುವುದು ಅನಿಲಗಳ ವಿನಿಮಯ ಮಾತ್ರ. ರಕ್ತ ಕೊಂಡೊಯ್ದ ಆಮ್ಲಜನಕ ಬಳಕೆಯಾಗುವುದು ದೇಹದ ಜೀವಕೋಶಗಳಲ್ಲಿ ಎಂಬುದು ೧೯ನೆಯ ಶತಮಾನದಲ್ಲಿ ಸ್ಥಿರಪಟ್ಟಿತು.

ಕೊನೆಯ ವರ್ಷಗಳು

ಕ್ರಾಂತಿಯ ಸರ್ಕಾರ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ತರಲು ಹೊರಟಾಗ, ಗೊತ್ತಾದ ಗಾತ್ರದ ಶುದ್ಧ ನೀರಿನ ರಾಶಿಯನ್ನು ಕಂಡುಹಿಡಿಯುವ ಕೆಲಸ ಲಾವೋಸಿಯೆ ಮತ್ತು ಖನಿಜಶಾಸ್ತ್ರಜ್ಞ ಆಯುಇಗೆ ಬಂತು. ರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಬರುವುದೇ ಸಾಂದ್ರತೆ. ಉಷ್ಣತೆಗೆ ತಕ್ಕಂತೆ ನೀರಿನ ಗಾತ್ರ ಬದಲಾಗುವುದರಿಂದ ಇಂಥ ಅಳತೆಯಲ್ಲಿ ಉಷ್ಣತೆಯನ್ನೂ ನಿಗದಿಪಡಿಸಬೇಕು. ಕಿಲೋಗ್ರಾಮಿನ ಅಂತಿಮ ಮಾನಕ ಸಿದ್ಧವಾದದ್ದು ೧೭೯೯ರಲ್ಲಿ. ಅದನ್ನು ನೋಡಲು ಲಾವೋಸಿಯೆ ಉಳಿದಿರಲಿಲ್ಲ.

ತೆರಿಗೆ ಗುತ್ತಿಗೆದಾರರನ್ನು ಜನ ಕಡುವಾಗಿ ದ್ವೇಷಿಸುತ್ತಿದ್ದರು. ಆ ದ್ವೇಷಕ್ಕೆ ಕಾರಣಗಳೂ ಇದ್ದವು. ೧೭೯೩ರ ನವೆಂಬರಿನಲ್ಲಿ ಅವರ ಬಂಧನಕ್ಕೆ ಆಜ್ಞೆಯಾದಾಗ ಲಾವೋಸಿಯೆ ತಾನಾಗಿ ಶರಣಾದ. ೧೭೯೪ರ ಮೇ ೮ರಂದು ವಿಚಾರಣೆ ನಡೆದು, ಅದೇ ದಿನ ಮಾವನೂ ಸೇರಿದಂತೆ ಇತರ ಗುತ್ತಿಗೆದಾರರೊಂದಿಗೆ ಗಿಲೋಟಿನ್‌ಗೆ ಬಲಿಯಾದ. ಗಣರಾಜ್ಯಕ್ಕೆ ವಿದ್ವಾಂಸರ ಅಗತ್ಯವಿಲ್ಲವೆಂದು ನ್ಯಾಯಾಧೀಶ ಹೇಳಿದನೆಂಬ ಪ್ರಸಿದ್ಧ ಕಥೆಗೆ ಗಟ್ಟಿಯಾದ ಆಧಾರವಿಲ್ಲ.

ತಂದೆ ಮತ್ತು ಗಂಡನನ್ನು ಒಂದೇ ದಿನ ಕಳೆದುಕೊಂಡ ಮರಿ ಆನ್, ಮುಟ್ಟುಗೋಲಾಗಿದ್ದ ಕಾಗದಪತ್ರ ಮತ್ತು ಉಪಕರಣಗಳನ್ನು ಮರಳಿ ಪಡೆದು, ಗಂಡನ ಕೊನೆಯ ಪ್ರಬಂಧಗಳನ್ನು ಪ್ರಕಟಿಸಿದಳು. ಆಕೆ ೧೮೩೬ರವರೆಗೆ ಬದುಕಿದ್ದಳು. ಲಾವೋಸಿಯೆ ಬಳಸಿದ ತಕ್ಕಡಿಗಳು ಪ್ಯಾರಿಸ್ಸಿನ ಕಲೆ ಮತ್ತು ಕಸುಬುಗಳ ವಸ್ತುಸಂಗ್ರಹಾಲಯದಲ್ಲಿವೆ.